ಬಟರ್‌ಫ್ಲೈ 25 ಮೀಟರ್‌ಗೇ ಕೈ ಸೋಲುತ್ತದೆ, 200 ಮೀಟರ್ ಈಜುವಷ್ಟು ದಮ್ಮು ಬೆಳೆಸುವುದು ಹೇಗೆ?

ನಿಮಗೆ 41 ವಯಸ್ಸು, ಫ್ರೀಸ್ಟೈಲ್‌ನಲ್ಲಿ ಒಂದು ಕಿಲೋಮೀಟರ್ ಆರಾಮಾಗಿ ಹೋಗುತ್ತೀರಿ. ಬಟರ್‌ಫ್ಲೈ ಹಿಡಿದರೆ ಮಾತ್ರ 25 ಮೀಟರ್ ಮುಗಿಯುವಷ್ಟರಲ್ಲಿ ಕೈ ಏಳುವುದಿಲ್ಲ ಅಂತ ಬರೆದಿದ್ದೀರಿ. ನಾನೂ ಅಲ್ಲೇ ಎರಡು ವರ್ಷ ಸಿಕ್ಕಿಹಾಕಿಕೊಂಡಿದ್ದೆ. ಬಟರ್‌ಫ್ಲೈ ಕಲಿತಾಗ ನನಗೆ 38. ಈಗ 45. ಈಗ ವಾರಕ್ಕೊಂದು ದಿನ 400 ಮೀಟರ್ ಎಲ್ಲೂ ನಿಲ್ಲದೆ ಬಟರ್‌ಫ್ಲೈ ಈಜುತ್ತೇನೆ. ನಾನು ಎಡವಿದ್ದು ಎಲ್ಲಿ, ದಾರಿ ಸಿಕ್ಕಿದ್ದು ಹೇಗೆ ಅಂತ ಹೇಳುತ್ತೇನೆ.

ಮೊದಲಿಗೆ, ನಿಮಗೆ ದಮ್ಮು ಕಡಿಮೆ ಇಲ್ಲ. ಇದ್ದಿದ್ದರೆ ಆ ಕಿಲೋಮೀಟರ್ ಆಗುತ್ತಲೇ ಇರಲಿಲ್ಲ. ಫ್ರೀಸ್ಟೈಲ್‌ನಲ್ಲಿ ಒಂದು ಕೈ ನೀರು ಎಳೆಯುವಾಗ ಇನ್ನೊಂದು ಕೈ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಬಟರ್‌ಫ್ಲೈನಲ್ಲಿ ಎರಡೂ ಕೈ ಒಟ್ಟಿಗೇ ನೀರಿನಿಂದ ಮೇಲೆ ಬರಬೇಕು. ಸೊಂಟ ನೀರಿನ ಮೇಲ್ಮಟ್ಟದ ಹತ್ತಿರ ಇದ್ದರೆ ಕೈ ತಾನಾಗಿ ಬರುತ್ತದೆ. ಸೊಂಟ ಇಳಿಯಿತೋ, ಮೈ ಓರೆಯಾಗುತ್ತದೆ. ಆಮೇಲೆ ಮೈಭಾರವನ್ನೆಲ್ಲ ರೆಟ್ಟೆಯಿಂದ ಎತ್ತಬೇಕು. ಹಾಗೆ ಐದಾರು ಸ್ಟ್ರೋಕ್ ಎಳೆದರೆ ಎಂಥವರಿಗೂ ಏದುಸಿರು ಬರುತ್ತದೆ.

ಮೊದಲ ವರ್ಷ ಇದು ನನಗೆ ಗೊತ್ತಿರಲಿಲ್ಲ. ಹಟ ಹಿಡಿದು ದಿನಾ ಹತ್ತು ಸಲ 50 ಮೀಟರ್ ಈಜುತ್ತಿದ್ದೆ. ಪ್ರತಿ ಸಲವೂ ಕೊನೆಯ 20 ಮೀಟರ್ ಬರೀ ಒದ್ದಾಟ. ಕಷ್ಟಪಟ್ಟಷ್ಟೂ ಶಕ್ತಿ ಬರುತ್ತದೆ ಅಂದುಕೊಂಡಿದ್ದೆ. ಆದರೆ ಮೈ ಕಲಿತದ್ದು ಆ ಒದ್ದಾಟವನ್ನೇ. ಎಡ ಭುಜ ನೋಯತೊಡಗಿತು. ಮೂರು ತಿಂಗಳು ಬಟರ್‌ಫ್ಲೈ ಬಿಟ್ಟೇಬಿಡಬೇಕಾಯಿತು.

ಆ ದಿನಗಳಲ್ಲಿ ಪಕ್ಕದ ಲೇನ್‌ನಲ್ಲಿ ಒಬ್ಬ ಹಿರಿಯ ಕೋಚ್ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ನಾನು ಮತ್ತೆ ಶುರು ಮಾಡಿದ ವಾರ ಕರೆದು ಹೇಳಿದರು: "ನೋಡಮ್ಮ, ನಿನ್ನ ಸ್ಟ್ರೋಕನ್ನ ನಾನು ನೋಡಲೇಬೇಕಾಗಿಲ್ಲ. ಇಲ್ಲಿ ಕೂತು ಕಿವಿಗೊಟ್ಟರೆ ಸಾಕು, ಎಲ್ಲಿ ಕೆಡ್ತು ಅಂತ ಗೊತ್ತಾಗುತ್ತೆ." ಮಾರನೇ ದಿನ ನಾನೂ ಕಿವಿಗೊಟ್ಟೆ. ಮೊದಲ ಏಳು ಸ್ಟ್ರೋಕ್‌ಗೆ ಕೈ ನೀರಿಗೆ 'ಸರ್' ಅಂತ ಇಳಿಯುತ್ತಿತ್ತು. ಎಂಟನೆಯದಕ್ಕೆ 'ದಬ್' ಅಂತ ಬಿತ್ತು. ಅಲ್ಲಿಂದ ಗೋಡೆಯವರೆಗೂ ದಬ್, ದಬ್. ಅದೇ ಜಾಗದಲ್ಲಿ ಎರಡನೇ ಕಿಕ್ (ಎರಡೂ ಕಾಲು ಜೋಡಿಸಿ ಹಾಕುವ ಒದೆತ) ಕೂಡ ಮಾಯವಾಗಿತ್ತು.

ಈ ಎರಡನೇ ಕಿಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಒಂದು ಸ್ಟ್ರೋಕ್‌ಗೆ ಎರಡು ಕಿಕ್ ಅಂತ ನಿಮಗೆ ಗೊತ್ತೇ ಇದೆ. ಕೈ ಮುಂದೆ ನೀರಿಗೆ ಇಳಿಯುವಾಗ ಒಂದು, ಕೈ ತೊಡೆಯ ಪಕ್ಕ ಹಾದು ಆಚೆ ಬರುವಾಗ ಇನ್ನೊಂದು. ಕೈ ಮೇಲೆ ಬರುವುದಕ್ಕೆ ನೆರವಾಗುವುದು ಈ ಎರಡನೆಯದು. ಸುಸ್ತಾದಾಗ ನಾವು ಮೊದಲು ಬಿಡುವುದೂ ಅದನ್ನೇ. ಹಾಗಾಗಿ ಕೈ ಏಳದಿದ್ದಾಗ ಕೈಗೆ ಬಲ ಹಾಕಬೇಡಿ, ಆ ಕಿಕ್ ಎಲ್ಲಿ ಹೋಯಿತು ಅಂತ ನೋಡಿ. ಇನ್ನೊಂದು, ಕೈ ನೀರಿಗೆ ಇಳಿದ ಕೂಡಲೇ ಎಳೆಯಲು ಹೋಗಬೇಡಿ. ಎದೆಯನ್ನು ನೀರಿಗೆ ಒತ್ತಿ, ಸೊಂಟ ಮೇಲೆ ಬರಲಿ, ಒಂದು ಕ್ಷಣ ಹಾಗೇ ಮುಂದೆ ಜಾರಿ, ಆಮೇಲೆ ಎಳೆಯಿರಿ. ದೂರ ಈಜುವವರಿಗೆ ಸಿಗುವ ವಿಶ್ರಾಂತಿ ಅಂದರೆ ಆ ಒಂದು ಕ್ಷಣವೇ.

ನಿಧಾನವಾಗಿ ಬಟರ್‌ಫ್ಲೈ ಆಗುವುದೇ ಇಲ್ಲ ಅಂತ ಪೂಲ್‌ನಲ್ಲಿ ತುಂಬ ಜನ ಹೇಳುತ್ತಾರೆ. ಖಂಡಿತ ಆಗುತ್ತದೆ. ಇಂಗ್ಲಿಷ್ ಕಡಲ್ಗಾಲುವೆ ಅತಿ ಕಿರಿದಾದ ಕಡೆಯೂ ಸುಮಾರು 33 ಕಿ.ಮೀ. ಅಗಲ ಇದೆ. ಅದನ್ನು ಪೂರ್ತಿ ಬಟರ್‌ಫ್ಲೈನಲ್ಲೇ ದಾಟಿದವರಿದ್ದಾರೆ. 1989ರಲ್ಲಿ ಕೆನಡಾದ ವಿಕಿ ಕೀತ್ ದಾಟಿದರು. 2002ರಲ್ಲಿ ಬ್ರಿಟನ್ನಿನ ಜೂಲಿ ಬ್ರಾಡ್‌ಶಾ 14 ಗಂಟೆ 18 ನಿಮಿಷದಲ್ಲಿ ದಾಟಿದರು. 14 ಗಂಟೆ ಯಾರೂ ರೆಟ್ಟೆಬಲದ ಮೇಲೆ ಬಟರ್‌ಫ್ಲೈ ಈಜಲಾರರು, ಅಲ್ವಾ? 200 ಮೀಟರ್ ಸ್ಪರ್ಧೆ ಬೇರೆಯೇ ಲೋಕ. ಅಲ್ಲಿ ಹಂಗೇರಿಯ ಈಜುಗಾರ ಕ್ರಿಸ್ಟೋಫ್ ಮಿಲಾಕ್ 2022ರಲ್ಲಿ 1 ನಿಮಿಷ 50.34 ಸೆಕೆಂಡ್‌ನಲ್ಲಿ ಮುಗಿಸಿದ್ದಾರೆ. ಆ ವಿಡಿಯೊ ನೋಡಿ ಖುಷಿಪಡಿ, ಆದರೆ ಆ ಲಯವನ್ನು ನೀವು ಹಿಡಿಯಲು ಹೋಗಬೇಡಿ.

ಈಗ ಅಭ್ಯಾಸಕ್ಕೆ ಬರೋಣ. ಕೋಚ್ ನನಗೆ ಕೊಟ್ಟ ಕಟ್ಟಳೆ ಒಂದೇ: ಸದ್ದು ಕೆಟ್ಟ ಸ್ಟ್ರೋಕ್‌ಗೇ ಬಟರ್‌ಫ್ಲೈ ನಿಲ್ಲಿಸು, ಉಳಿದದ್ದು ಫ್ರೀಸ್ಟೈಲ್‌ನಲ್ಲಿ ಹೋಗು. ಮೊದಲ ಆರು ವಾರ ನಾನು ಮಾಡಿದ್ದು ಇಷ್ಟೇ. ಗೋಡೆ ಒದ್ದು ಆರು ಸ್ಟ್ರೋಕ್ ಬಟರ್‌ಫ್ಲೈ, ಮಿಕ್ಕದ್ದು ಫ್ರೀಸ್ಟೈಲ್, ಗೋಡೆ ಹಿಡಿದು 30 ಸೆಕೆಂಡ್ ನಿಲ್ಲು. ಹೀಗೆ 16 ಸಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. ಲೆಕ್ಕ ಹಾಕಿ ನೋಡಿ, ದಿನಕ್ಕೆ 96 ಸ್ಟ್ರೋಕ್, ಒಂದೂ ಕೆಟ್ಟದ್ದಿಲ್ಲ. ಆರು ಎಂಟಾಯಿತು, ಎಂಟು ಹತ್ತಾಯಿತು. ಒಂದು ದಿನ ಗೋಡೆಯೇ ಬಂದುಬಿಟ್ಟಿತು. ನನಗೆ 25 ಮೀಟರ್‌ಗೆ 11 ಸ್ಟ್ರೋಕ್ ಬೇಕು. 13 ಆದರೆ ಎಲ್ಲೋ ಏನೋ ಕೆಟ್ಟಿದೆ ಅಂತಲೇ ಅರ್ಥ. ನಿಮ್ಮ ಸಂಖ್ಯೆ ಬೇರೆ ಇರುತ್ತದೆ, ಎಣಿಸಿ ಇಟ್ಟುಕೊಳ್ಳಿ.

25 ಮೀಟರ್ ಸಲೀಸಾದ ಮೇಲೆ ದೂರ ಹೆಚ್ಚಿಸುವ ಆಸೆ ಆಗುತ್ತದೆ. ತಡೆಯಿರಿ. ಮೊದಲು ವಿಶ್ರಾಂತಿ ಕಡಿಮೆ ಮಾಡಿ. 16 ಸಲ 25 ಮೀಟರ್, ನಡುವಿನ ವಿಶ್ರಾಂತಿ 30 ಸೆಕೆಂಡ್‌ನಿಂದ 20ಕ್ಕೆ, ಆಮೇಲೆ 10ಕ್ಕೆ. ನನಗೆ ಇದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಆದರೆ 10 ಸೆಕೆಂಡ್‌ಗೆ ಇಳಿದ ಮೇಲೆ 50 ಮೀಟರ್ ತಾನಾಗಿ ಬಂತು, 100 ಕೂಡ ಅದೇ ತಿಂಗಳಲ್ಲಿ ಬಂತು. 100ರಿಂದ 200ಕ್ಕೆ ಮತ್ತೆ ಅರ್ಧ ವರ್ಷ. ಫ್ರೀಸ್ಟೈಲ್ ಪೂರ್ತಿ ಬಿಡಬೇಡಿ. ಉಳಿದ ದಿನ ಒಂದೂವರೆ, ಎರಡು ಕಿಲೋಮೀಟರ್ ನಿಧಾನವಾಗಿ ಈಜಿ, ಹೃದಯಕ್ಕೆ ಆ ತಳಪಾಯ ಬೇಕು.

ಉಸಿರಿನ ವಿಷಯ. ಎರಡು ಸ್ಟ್ರೋಕ್‌ಗೆ ಒಂದು ಉಸಿರು ಅಂತ ಮಕ್ಕಳಿಗೆ ಕಲಿಸುತ್ತಾರೆ. ದೂರ ಹೋಗಬೇಕಾದರೆ ಪ್ರತಿ ಸ್ಟ್ರೋಕ್‌ಗೂ ಉಸಿರು ತೆಗೆದುಕೊಳ್ಳಿ, ತಪ್ಪೇನಿಲ್ಲ. ತಲೆ ಎತ್ತಬೇಡಿ, ಗಲ್ಲ ನೀರನ್ನು ಸವರಿಕೊಂಡು ಹೋಗಲಿ. ನೀರೊಳಗೇ ಉಸಿರು ಬಿಟ್ಟಿರಬೇಕು. ಮೇಲೆ ಬಂದಾಗ ಎಳೆದುಕೊಳ್ಳುವುದೊಂದೇ ಕೆಲಸ. ಇದೊಂದನ್ನು ಸರಿ ಮಾಡಿಕೊಂಡ ವಾರವೇ ನನ್ನ ನಡುನೋವು ಹೋಯಿತು. ತಲೆ ಎತ್ತಿ ಎತ್ತಿಯೇ ನಡು ಹಿಡಿದುಕೊಳ್ಳುತ್ತಿತ್ತು.

ಬ್ಯಾಚ್‌ನಲ್ಲಿ ಜನ ಜಾಸ್ತಿ ಇದ್ದರೆ ಕೈ ಇನ್ನೊಬ್ಬರಿಗೆ ತಗಲುತ್ತದೆ. ನಮ್ಮಲ್ಲಿ ಒಂದೊಂದು ಲೇನ್‌ಗೆ ಆರೇಳು ಜನ. ಎದುರಿಗೆ ಯಾರಾದರೂ ಬಂದಾಗ ಒಂದೇ ಕೈ ಬಟರ್‌ಫ್ಲೈ ಮಾಡಿ. ಒಂದು ಕೈ ಮುಂದೆ ಚಾಚಿರಲಿ, ಇನ್ನೊಂದು ಎಳೆಯಲಿ, ಎರಡು ಕಿಕ್ ಹಾಗೇ ಇರಲಿ. ಇದು ಸುಮ್ನೆ ಜಾಗ ಬಿಡುವ ಉಪಾಯ ಮಾತ್ರ ಅಂದುಕೊಳ್ಳಬೇಡಿ. ಎರಡು ಬಲಗೈ, ಎರಡು ಎಡಗೈ, ಎರಡು ಪೂರ್ತಿ ಸ್ಟ್ರೋಕ್ ಅಂತ ಈಜಿದರೆ ಲಯ ಕೂರುವಷ್ಟು ಬೇರೆ ಯಾವುದರಲ್ಲೂ ಕೂರುವುದಿಲ್ಲ. ಗಿಡ್ಡ ಫಿನ್ಸ್ (ಪಾದಕ್ಕೆ ಹಾಕುವ ರಬ್ಬರ್ ರೆಕ್ಕೆ) ಹಾಕಿಕೊಂಡು ಸೊಂಟ ಮೇಲಿದ್ದರೆ ಹೇಗಿರುತ್ತದೆ ಅಂತ ಮೈಗೆ ತೋರಿಸಬಹುದು. ದಿನಕ್ಕೆ ನಾಲ್ಕೈದು ಲ್ಯಾಪ್, ಅಷ್ಟು ಸಾಕು.

ಭುಜವನ್ನು ದಯವಿಟ್ಟು ಕಡೆಗಣಿಸಬೇಡಿ. ಕಂಕುಳ ಕೆಳಗೆ, ಬೆನ್ನಿನ ಪಕ್ಕಗಳಲ್ಲಿ ಮೈಕೈ ನೋವು ಬಂದರೆ ಅದು ದುಡಿದ ನೋವು, ಎರಡು ದಿನಕ್ಕೆ ಹೋಗುತ್ತದೆ. ಭುಜದ ಮುಂಭಾಗದಲ್ಲಿ ಚಿವುಟಿದ ಹಾಗೆ ಚುಳುಕ್ ಅಂದರೆ ಆ ದಿನವೇ ನಿಲ್ಲಿಸಿ. ಹೋಗದಿದ್ದರೆ ಫಿಸಿಯೊಥೆರಪಿಸ್ಟ್‌ಗೆ ತೋರಿಸಿ. ನಾನು ವಾರಕ್ಕೆ ಮೂರು ಸಲ ರಬ್ಬರ್ ಬ್ಯಾಂಡ್ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ಆಚೆಗೆ ತಿರುಗಿಸುವ ವ್ಯಾಯಾಮ ಮಾಡುತ್ತೇನೆ. ಹತ್ತು ನಿಮಿಷದ ಕೆಲಸ. ಕೇರಳದ ಸಾಜನ್ ಪ್ರಕಾಶ್ ಬೆಂಗಳೂರಿನಲ್ಲೂ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಕುತ್ತಿಗೆಯ ಡಿಸ್ಕ್ ತೊಂದರೆಯಿಂದ ಸುಧಾರಿಸಿಕೊಂಡು, 2021ರ ಜೂನ್‌ನಲ್ಲಿ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡ್‌ನಲ್ಲಿ ಮುಗಿಸಿದರು. ಒಲಿಂಪಿಕ್ಸ್‌ನ ನೇರ ಅರ್ಹತೆಯ ಸಮಯ ಮುಟ್ಟಿದ ಮೊದಲ ಭಾರತೀಯ ಈಜುಗಾರ ಅವರು. ನನ್ನ ಭುಜ ಕೈಕೊಟ್ಟ ಆ ಮೂರು ತಿಂಗಳ ನೆನಪು ಇದ್ದದ್ದಕ್ಕೋ ಏನೋ, ಆ ಸುದ್ದಿ ಓದಿದಾಗ ಕಣ್ಣು ತುಂಬಿ ಬಂದಿತ್ತು.

ನಾಳೆ ಪೂಲ್‌ಗೆ ಇಳಿದಾಗ 25 ಮೀಟರ್ ಮುಗಿಸುವ ಯೋಚನೆ ಬಿಟ್ಟುಬಿಡಿ. ಮೆಲ್ಲಗೆ ಶುರು ಮಾಡಿ, ಕಿವಿಗೊಟ್ಟು ಎಣಿಸಿ. ಎಷ್ಟನೇ ಸ್ಟ್ರೋಕ್‌ಗೆ 'ಸರ್' ಹೋಗಿ 'ದಬ್' ಬಂತು ಅಂತ ಇಲ್ಲೇ ಬರೆಯಿರಿ. ಆ ಸಂಖ್ಯೆ ಸಿಕ್ಕರೆ ಮೊದಲ ತಿಂಗಳು ಏನು ಮಾಡಬೇಕು ಅಂತ ಇನ್ನೂ ಸರಿಯಾಗಿ ಹೇಳಬಲ್ಲೆ.