ಸಬ್‌ವೂಫರ್ ಹಾಕಿದ ಮೇಲೆ ಹೆಡ್‌ಲೈಟ್ ಮಂಕಾಗುತ್ತಿದ್ದರೆ: ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು

ಮದ್ದೂರಿನ ಸ್ನೇಹಿತರಿಗೆ ನಮಸ್ಕಾರ. ನಿಮ್ಮ ಪೆಟ್ರೋಲ್ ಹ್ಯಾಚ್‌ಬ್ಯಾಕಿಗೆ 500 ವ್ಯಾಟ್ ಆರ್‌ಎಂಎಸ್‌ನ (ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿಯ) ಕ್ಲಾಸ್ ಡಿ ಮಾನೊ ಆ್ಯಂಪ್ಲಿಫೈಯರಿನ ಜೊತೆ ಸಬ್‌ವೂಫರ್, ಬಾಗಿಲಿನ ಸ್ಪೀಕರುಗಳಿಗೆ ಚಾನಲಿಗೆ 60 ವ್ಯಾಟ್‌ನಂತೆ ನಾಲ್ಕು ಚಾನಲಿನ ಕ್ಲಾಸ್ ಎಬಿ ಆ್ಯಂಪ್ಲಿಫೈಯರ್ ಹಾಕಿಸಿದ್ದೀರಿ. ಅಂದಿನಿಂದ ಬಾಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತಿದೆ, ಅಂಗಡಿಯವರು 35 ಎಎಚ್ (ಆ್ಯಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ ತೆಗೆದು 65 ಎಎಚ್ ಹಾಕಿಸಿ ಎನ್ನುತ್ತಿದ್ದಾರೆ, ಹಾಕಿಸಲೇ ಎಂದು ಕೇಳಿದ್ದೀರಿ. ಈಗಲೇ ಹಾಕಿಸಬೇಡಿ ಎಂಬುದು ನನ್ನ ಸಲಹೆ. ಕಾರಣವನ್ನು ಲೆಕ್ಕ ಸಮೇತ ಹೇಳುತ್ತೇನೆ, ಏಕೆಂದರೆ ಇಲ್ಲಿ ಹಣಕ್ಕಿಂತ ಮುಖ್ಯವಾದ ಬೆಂಕಿಯ ಅಪಾಯವೂ ಇದೆ.

ಎಂಜಿನ್ ಓಡುತ್ತಿರುವಾಗ ಆ್ಯಂಪ್ಲಿಫೈಯರಿಗೆ ಮುಖ್ಯವಾಗಿ ಕರೆಂಟ್ ಕೊಡುವುದು ಬ್ಯಾಟರಿಯಲ್ಲ, ಆಲ್ಟರ್ನೇಟರ್, ಅಂದರೆ ಎಂಜಿನ್ ತಿರುಗಿಸುವ ಜನರೇಟರ್. ನಿಮ್ಮ ಕಡೆಯ ಗದ್ದೆಯ ಮಾತಿನಲ್ಲಿ ಹೇಳುವುದಾದರೆ ಆಲ್ಟರ್ನೇಟರ್ ಬೋರ್‌ವೆಲ್ ಇದ್ದ ಹಾಗೆ, ಬ್ಯಾಟರಿ ತೊಟ್ಟಿ ಇದ್ದ ಹಾಗೆ, ಕೇಬಲ್ ಪೈಪ್ ಇದ್ದ ಹಾಗೆ. ತೊಟ್ಟಿಯನ್ನು ಎರಡು ಪಟ್ಟು ಮಾಡಿದರೂ ಬೋರಿನಲ್ಲಿ ಬರುವ ನೀರು ಅಷ್ಟೇ, ಪೈಪ್ ಸಣ್ಣದಾಗಿದ್ದರೆ ಗದ್ದೆಗೆ ತಲುಪುವುದು ಇನ್ನೂ ಕಡಿಮೆ.

ಈಗ ನಿಮ್ಮ ಲೆಕ್ಕ. ಕ್ಲಾಸ್ ಡಿ ಆ್ಯಂಪ್ಲಿಫೈಯರಿನ ದಕ್ಷತೆ ಸುಮಾರು ಶೇ. 80, ಆದ್ದರಿಂದ 500 ವ್ಯಾಟಿಗೆ ಅದು 625 ವ್ಯಾಟ್ ಎಳೆಯುತ್ತದೆ. ಕ್ಲಾಸ್ ಎಬಿಯದನ್ನು ಶೇ. 60 ಎಂದು ಹಿಡಿದರೆ 240 ವ್ಯಾಟಿಗೆ 400 ವ್ಯಾಟ್ ಬೇಕು. ಒಟ್ಟು 1025 ವ್ಯಾಟನ್ನು 13.8 ವೋಲ್ಟಿನಿಂದ ಭಾಗಿಸಿದರೆ 74 ಆ್ಯಂಪಿಯರ್ ಆಯಿತು. ಇದು ಪೂರ್ತಿ ಜೋರಿನ ಕ್ಷಣದ ಲೆಕ್ಕ. ಹಾಡು ಏರಿಳಿಯುವುದರಿಂದ ಸರಾಸರಿ ಇದರ ಮೂರನೇ ಒಂದು ಭಾಗ, ಅಂದರೆ ಸುಮಾರು 25 ಆ್ಯಂಪಿಯರ್ ಎಂದು ಹಿಡಿಯಬಹುದು. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿರುವ ಪೀಕ್ ವ್ಯಾಟನ್ನು ಈ ಲೆಕ್ಕಕ್ಕೆ ತರಬೇಡಿ.

ಸಣ್ಣ ಪೆಟ್ರೋಲ್ ಕಾರಿನ ಆಲ್ಟರ್ನೇಟರ್ ಸಾಮಾನ್ಯವಾಗಿ 60ರಿಂದ 80 ಆ್ಯಂಪಿಯರಿನದು, ಅದೂ ಎಂಜಿನ್ ವೇಗವಾಗಿ ತಿರುಗುವಾಗ ಮಾತ್ರ. ಐಡಲಿಂಗಿನಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಬರುವಾಗ ನಿಮಗೆ ತೊಂದರೆ ಗೊತ್ತಾಗದಿರುವುದಕ್ಕೆ ಇದೇ ಕಾರಣ. ಅದೇ ಕಾರಿನಲ್ಲಿ ದಸರಾ ದೀಪಾಲಂಕಾರ ನೋಡಲು ಬಂದು, ಸಯ್ಯಾಜಿರಾವ್ ರಸ್ತೆಯ ಕಡೆ ಒಂದು ಗಂಟೆ ಆಮೆಯಂತೆ ತೆವಳಿದಿರಿ ಎನ್ನಿ. ಹೆಡ್‌ಲೈಟ್, ಎಸಿ, ರೇಡಿಯೇಟರ್ ಫ್ಯಾನ್ ಮತ್ತು ಎಂಜಿನ್ನಿನ ಸ್ವಂತ ಅಗತ್ಯ ಸೇರಿ 30 ಆ್ಯಂಪಿಯರ್, ಹಾಡಿಗೆ 25, ಒಟ್ಟು 55, ಬರುತ್ತಿರುವುದು 35. ಕೊರತೆಯ 20 ಆ್ಯಂಪಿಯರನ್ನು ಬ್ಯಾಟರಿ ತುಂಬಿಕೊಡಬೇಕು. ಒಂದು ಗಂಟೆಯಲ್ಲಿ 35 ಎಎಚ್ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಖಾಲಿ. ದೊಡ್ಡ ಬ್ಯಾಟರಿ ಈ ಕೊರತೆಯನ್ನು ಇನ್ನಷ್ಟು ಹೊತ್ತು ತಡೆದುಕೊಳ್ಳುತ್ತದೆಯೇ ಹೊರತು ಕೊರತೆಯನ್ನು ನೀಗಿಸುವುದಿಲ್ಲ.

ಆದರೆ ಬಾಸಿನ ಪ್ರತಿ ಹೊಡೆತಕ್ಕೂ ದೀಪ ಮಿಣುಕುವುದು ಬಹಳ ಸಲ ಕೇಬಲ್ ಮತ್ತು ಅರ್ತಿನ (ನೆಗೆಟಿವ್ ಅನ್ನು ಕಾರಿನ ಬಾಡಿಗೆ ಕೊಡುವ ಜೋಡಣೆಯ) ದೋಷ. ಇದನ್ನು ಹತ್ತು ನಿಮಿಷದಲ್ಲಿ ನೀವೇ ಪತ್ತೆ ಮಾಡಬಹುದು. ಎಂಜಿನ್ ಓಡಿಸಿ, ನೀವು ಮಾಮೂಲಿಯಾಗಿ ಕೇಳುವ ಜೋರಿನಲ್ಲಿ ಹಾಡು ಹಾಕಿ, ಮಲ್ಟಿಮೀಟರಿನಿಂದ ಮೊದಲು ಬ್ಯಾಟರಿಯ ಎರಡು ಟರ್ಮಿನಲ್ ನಡುವೆ, ನಂತರ ಡಿಕ್ಕಿಯಲ್ಲಿರುವ ಆ್ಯಂಪ್ಲಿಫೈಯರಿನ ಪಾಸಿಟಿವ್ ಮತ್ತು ನೆಗೆಟಿವ್ ಸ್ಕ್ರೂಗಳ ನಡುವೆ ವೋಲ್ಟೇಜ್ ನೋಡಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ದೋಷ ಕೇಬಲಿನಲ್ಲೋ ಅರ್ತಿನಲ್ಲೋ ಇದೆ. ಬ್ಯಾಟರಿಯಲ್ಲೇ 13 ವೋಲ್ಟಿಗಿಂತ ಕೆಳಗಿಳಿಯುತ್ತಿದ್ದರೆ ಆಗ ಆಲ್ಟರ್ನೇಟರನ್ನೂ ಬ್ಯಾಟರಿಯನ್ನೂ ಅನುಮಾನಿಸಿ.

ಕೇಬಲ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕಿಟ್‌ಗಳಲ್ಲಿ ಬರುವ 8 ಗೇಜ್ ವೈರಿನ ಅಡ್ಡಕೊಯ್ತ ಸುಮಾರು 8.4 ಚದರ ಮಿಲಿಮೀಟರ್. ಶುದ್ಧ ತಾಮ್ರವೇ ಆದರೂ 5 ಮೀಟರ್ ಉದ್ದಕ್ಕೆ 74 ಆ್ಯಂಪಿಯರ್ ಹರಿದರೆ ಮುಕ್ಕಾಲು ವೋಲ್ಟ್ ಅದರಲ್ಲೇ ಬಿಸಿಯಾಗಿ ಹೋಗುತ್ತದೆ. ಅಷ್ಟೇ ಉದ್ದದ 25 ಚದರ ಮಿಲಿಮೀಟರ್ ತಾಮ್ರದ ಕೇಬಲಿನಲ್ಲಿ ಹೋಗುವುದು ಕಾಲು ವೋಲ್ಟ್ ಮಾತ್ರ. ಕಡಿಮೆ ಬೆಲೆಯ ಅನೇಕ ಕಿಟ್‌ಗಳಲ್ಲಿರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದರ ನಷ್ಟ ಇನ್ನೂ ಒಂದೂವರೆ ಪಟ್ಟು. ಕೊಳ್ಳುವಾಗ ತುದಿಯ ಒಂದೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಕೆಂಪು ಸಿಪ್ಪೆಯ ಕೆಳಗೆ ಬೆಳ್ಳಿಯಂತೆ ಬಿಳಿ ಕಂಡರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ನೆಗೆಟಿವ್ ಕೇಬಲ್ ಕೂಡ ಅದೇ ದಪ್ಪ ಇರಬೇಕು, ಅರ್ಧ ಮೀಟರ್ ಒಳಗೇ ಮುಗಿಯಬೇಕು. ಬಾಡಿಯ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಲೋಹ ಹೊಳೆದ ಮೇಲೆ ಬೋಲ್ಟ್ ಬಿಗಿದು, ಮೇಲೆ ಬಣ್ಣ ಬಳಿಯಬೇಕು. ಬಾನೆಟ್ಟಿನ ಒಳಗೆ ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ, ಆಲ್ಟರ್ನೇಟರಿನಿಂದ ಬ್ಯಾಟರಿ ಪಾಸಿಟಿವ್‌ಗೆ ಇರುವ ಮೂರು ತಂತಿಗಳ ಜೊತೆಗೂ ಇಂಥದೇ ಒಂದೊಂದು ದಪ್ಪ ಕೇಬಲ್ ಸೇರಿಸಿದರೆ ಇನ್ನೂ ಒಳ್ಳೆಯದು. ಆಲ್ಟರ್ನೇಟರಿನ ಕೇಬಲಿಗೆ ಮಾತ್ರ ಅದರದೇ ಫ್ಯೂಸ್ ಬೇಕು.

ಫ್ಯೂಸ್ ವಿಷಯದಲ್ಲಿ ದಯವಿಟ್ಟು ರಾಜಿ ಬೇಡ. ಬ್ಯಾಟರಿ ಪಾಸಿಟಿವ್‌ನಿಂದ ಹೊರಟ ಆ 25 ಚದರ ಮಿಲಿಮೀಟರ್ ಕೇಬಲಿಗೆ 45 ಸೆಂಟಿಮೀಟರ್ ಒಳಗೆ 80 ಆ್ಯಂಪಿಯರಿನ ಫ್ಯೂಸ್ ಇರಲೇಬೇಕು. ಡಿಕ್ಕಿಯಲ್ಲಿ, ಆ್ಯಂಪ್ಲಿಫೈಯರಿನ ಪಕ್ಕದಲ್ಲಿ ಹಾಕಿದ ಫ್ಯೂಸ್ ಆ್ಯಂಪ್ಲಿಫೈಯರನ್ನಷ್ಟೇ ಕಾಯುತ್ತದೆ. ಎಂಜಿನ್ ಕಡೆಯ ತಗಡಿನ ತೂತಿನಲ್ಲಿ ಕೇಬಲಿನ ಮೈ ಸವೆದು ಬಾಡಿಗೆ ತಾಗಿದರೆ, ಫ್ಯೂಸಿಲ್ಲದ ಆ 5 ಮೀಟರ್ ಕೇಬಲ್ ಕಾರ್ಪೆಟ್ಟಿನ ಕೆಳಗೆ ಕೆಂಡವಾಗುತ್ತದೆ. ಆ ತೂತಿಗೆ ರಬ್ಬರ್ ಬುಷ್ ಹಾಕಿದ್ದಾರೆಯೇ ಎಂದು ಇಂದೇ ಕೈಯಿಟ್ಟು ನೋಡಿ.

ಒಂದು ಫ್ಯಾರಡ್ ಕೆಪಾಸಿಟರ್ (ಕ್ಷಣಕಾಲಕ್ಕೆ ವಿದ್ಯುತ್ ಹಿಡಿದಿಡುವ ಸಾಧನ) ಹಾಕಿದರೆ ಸರಿಹೋಗುತ್ತದೆ ಎಂದು ಈ ಗುಂಪಿನ ಇನ್ನೊಬ್ಬ ಸದಸ್ಯರು ಬರೆದಿದ್ದಾರೆ. 14 ವೋಲ್ಟಿನಿಂದ 12ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡುವ ಶಕ್ತಿ 26 ಜೌಲ್. 1000 ವ್ಯಾಟ್ ಎಳೆಯುವ ನಿಮ್ಮ ವ್ಯವಸ್ಥೆಗೆ ಅದು ಸೆಕೆಂಡಿನ ನಲವತ್ತನೇ ಒಂದು ಭಾಗಕ್ಕೆ ಸಾಕು. ಆ ದುಡ್ಡನ್ನು ಕೇಬಲಿಗೆ ಹಾಕಿ.

ಇಷ್ಟೆಲ್ಲ ಸರಿಪಡಿಸಿದ ಮೇಲೆ ಬ್ಯಾಟರಿ ಬದಲಿಸಬೇಕೆನಿಸಿದರೆ, ನಿಮಗೆ 65 ಎಎಚ್ ಬೇಕಿಲ್ಲ, 45 ಸಾಕು. ನಿಮ್ಮ ಈಗಿನ ಬ್ಯಾಟರಿಯ ಮೇಲೆ 38ಬಿ20ಎಲ್ ಎಂದು ಇರಬೇಕು: 20 ಎಂಬುದು ಸೆಂಟಿಮೀಟರಿನಲ್ಲಿ ಉದ್ದ, ಕೊನೆಯ ಎಲ್ ಟರ್ಮಿನಲ್ ಯಾವ ಕಡೆಗಿದೆ ಎಂಬ ಗುರುತು. 45 ಎಎಚ್‌ನ ಬಿ24 ಬ್ಯಾಟರಿ 24 ಸೆಂಟಿಮೀಟರ್ ಉದ್ದವಿರುತ್ತದೆ, ಆದ್ದರಿಂದ ಟ್ರೇಯನ್ನು ಟೇಪಿನಿಂದ ಅಳೆದುಕೊಂಡೇ ಅಂಗಡಿಗೆ ಹೋಗಿ. ಎಲ್ ಬದಲು ಆರ್ ತಂದರೆ ಕಾರಿನ ಕೇಬಲ್ ಎಟುಕುವುದಿಲ್ಲ. ಎಲ್‌ಎಸ್ ಎಂದಿದ್ದರೆ ಟರ್ಮಿನಲ್ ದಪ್ಪದ್ದು, ನಿಮ್ಮ ಈಗಿನ ಕ್ಲ್ಯಾಂಪ್ ಕೂರುವುದಿಲ್ಲ. ತಯಾರಾಗಿ ಮೂರು ತಿಂಗಳು ದಾಟಿದ್ದನ್ನು ತರಬೇಡಿ, ಅಂಗಡಿಯಲ್ಲೇ ಮೀಟರ್ ಇಟ್ಟು 12.5 ವೋಲ್ಟಿಗಿಂತ ಮೇಲಿದ್ದರೆ ಮಾತ್ರ ಒಪ್ಪಿಕೊಳ್ಳಿ. ಎಜಿಎಂ ಬ್ಯಾಟರಿ (ಗಾಜಿನ ನಾರಿನ ಹಾಳೆಯಲ್ಲಿ ಆಮ್ಲ ಹೀರಿಸಿಟ್ಟ ಬಗೆ) ಒಳ್ಳೆಯದೇ, ಆದರೆ ಎಂಜಿನ್ನಿನ ಕಾವಿನ ಪಕ್ಕದಲ್ಲಿ ಅದರ ಹೆಚ್ಚಿನ ಬೆಲೆಗೆ ತಕ್ಕ ಆಯುಸ್ಸು ಸಿಗುವುದು ಕಷ್ಟ. ಎಂಜಿನ್ ಆರಿಸಿ ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ ಕೂತು ಹಾಡು ಕೇಳುವ ಅಭ್ಯಾಸವಿದ್ದರೆ, 45 ಎಎಚ್ ಇದ್ದರೂ ಅರ್ಧ ಗಂಟೆಗೆ ನಿಲ್ಲಿಸಿ. ಸ್ಟಾರ್ಟಿಂಗಿಗೆಂದು ಮಾಡಿದ ಬ್ಯಾಟರಿ ಪದೇ ಪದೇ ಅರ್ಧಕ್ಕಿಂತ ಕೆಳಗಿಳಿದರೆ ಬೇಗ ಸಾಯುತ್ತದೆ.

ಕೂರಿಸುವ ಕೆಲಸಕ್ಕೆ 10 ಎಂಎಂ ಸ್ಪ್ಯಾನರ್ ಸಾಕು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಪಾಸಿಟಿವ್ ಮೊದಲು. ನೆಗೆಟಿವ್ ಬಿಚ್ಚಿದ್ದರೆ ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಕ್ಲ್ಯಾಂಪಿನ ಮೇಲೆ ಕಟ್ಟಿರುವ ಹಸಿರು-ಬಿಳಿ ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒಣಗಿಸಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬ್ಯಾಟರಿ ಅಲುಗದಂತೆ ಹೋಲ್ಡರ್ ಬಿಗಿಯಿರಿ. ನೆಗೆಟಿವ್ ಕ್ಲ್ಯಾಂಪಿನ ಮೇಲೆ ಸಣ್ಣ ಸೆನ್ಸರ್ ಇರುವ ಕಾರಾದರೆ ಆ್ಯಂಪ್ಲಿಫೈಯರಿನ ಅರ್ತನ್ನು ನೇರವಾಗಿ ಬ್ಯಾಟರಿಗೆ ಕೊಡದೆ ಬಾಡಿಗೇ ಕೊಡಿ, ಇಲ್ಲವಾದರೆ ಸೆನ್ಸರಿನ ಲೆಕ್ಕ ತಪ್ಪುತ್ತದೆ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಅದೇ ಅಂಗಡಿಗೆ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಿ.

ಕೊನೆಯದಾಗಿ ನನ್ನ ಕಾರಿನಲ್ಲೇ ಆದದ್ದು. ಶನಿವಾರ ಸಂಜೆ ಕುವೆಂಪುನಗರದ ಮನೆ ಮುಂದೆ ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ, ಒಂದು ಹೊಸ ಬ್ಯಾಟರಿಯನ್ನೂ ಹಾಕಿಸಿದೆ. ಎಂಜಿನ್ ಆರಿಸಿ, ಬೀಗ ಹಾಕಿ, ಅರ್ಧ ಗಂಟೆ ಬಿಟ್ಟು ನೆಗೆಟಿವ್ ತಂತಿಯ ಸಾಲಿನಲ್ಲಿ ಮೀಟರನ್ನು 10 ಆ್ಯಂಪಿಯರ್ ಸ್ಥಾನದಲ್ಲಿಟ್ಟು ನೋಡಿದಾಗ 0.9 ಆ್ಯಂಪಿಯರ್ ಹರಿಯುತ್ತಿತ್ತು, 0.05ಕ್ಕಿಂತ ಹೆಚ್ಚಿರಬಾರದು. 36 ಗಂಟೆಗೆ 32 ಎಎಚ್ ಸೋರಿದಂತಾಯಿತು. ಆ್ಯಂಪ್ಲಿಫೈಯರನ್ನು ಎಬ್ಬಿಸುವ ನೀಲಿ ರಿಮೋಟ್ ವೈರನ್ನು ಸ್ಟೀರಿಯೋದ ರಿಮೋಟ್ ಔಟಿಗೆ ಕೊಡುವ ಬದಲು ಯಾವಾಗಲೂ ಕರೆಂಟ್ ಇರುವ ಹಳದಿ ವೈರಿಗೆ ಸುತ್ತಿದ್ದರು. ಬಿಚ್ಚಿ ಸರಿಯಾದ ಕಡೆ ಕೊಟ್ಟ ದಿನದಿಂದ ಆ ಬ್ಯಾಟರಿ ಒಮ್ಮೆಯೂ ಕೈಕೊಟ್ಟಿಲ್ಲ. ಈ ಅಳತೆ ತೆಗೆಯುವಾಗ ಮೀಟರ್ ಸಾಲಿನಲ್ಲಿರುವಷ್ಟು ಹೊತ್ತು ಸ್ಟಾರ್ಟ್ ಮಾಡಬೇಡಿ, ಹಾಡನ್ನೂ ಹಾಕಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಬ್ಯಾಟರಿಯ ಬಳಿಯ ವೋಲ್ಟೇಜ್, ಆ್ಯಂಪ್ಲಿಫೈಯರಿನ ಬಳಿಯ ವೋಲ್ಟೇಜ್, ಬೀಗ ಹಾಕಿದಾಗಿನ ಸೋರಿಕೆ, ಈ ಮೂರನ್ನು ಅಳೆದು ಕೇಬಲಿನ ತುದಿಯ ಒಂದು ಚಿತ್ರದೊಡನೆ ಇಲ್ಲಿ ಹಾಕಿ. ಬ್ಯಾಟರಿಗೆ ಮುಂಗಡ ಕೊಡುವುದನ್ನು ಅಲ್ಲಿಯವರೆಗೆ ತಡೆಯಿರಿ.