ಬೇವಿನ ಕಷಾಯ ನೀರಿಗೆ ಬೇಡ

ಪ್ರಶ್ನೆ: ನಮ್ಮ ಸಿಗಡಿ ಹೊಂಡಕ್ಕೆ ಮರಿ ಬಿಟ್ಟು ಆರು ವಾರವಾಯಿತು. ಪಕ್ಕದ ಹೊಂಡದವರು ಬೇವಿನ ಸೊಪ್ಪು ಕುದಿಸಿ ಸುರಿಯಿರಿ, ಗಿಡದ ಮದ್ದು ತಾನೇ, ಏನೂ ಆಗಲ್ಲ ಅನ್ನುತ್ತಾರೆ. ಬೆಳ್ಳುಳ್ಳಿಯೂ ಒಳ್ಳೆಯದಂತೆ. ಬಿಳಿ ಚುಕ್ಕೆ ರೋಗ ಬಾರದ ಹಾಗೆ ಯಾವುದು ಹಾಕಲಿ?

ಉತ್ತರ: ದಯವಿಟ್ಟು ಬೇವು ಸುರಿಯಬೇಡಿ. ಒಮ್ಮೆ ನಾನೂ ಇದೇ ಮಾತು ನಂಬಿ ಸಣ್ಣ ತೊಟ್ಟಿಗೆ ಎರಡು ಬಕೆಟ್ ಕಷಾಯ ಸುರಿದಿದ್ದೆ. ಬೆಳಗಿನ ಜಾವ ಟಾರ್ಚ್ ಹಿಡಿದು ಹೋದರೆ ಸಿಗಡಿಗಳು ಅಂಚಿಗೆ ಬಂದು ಮಗ್ಗುಲಾಗಿ ಬಿದ್ದಿದ್ದವು. ಕಾಲುಗಳಷ್ಟೇ ಆಡುತ್ತಿದ್ದವು. ಆ ನೋಟ ಇನ್ನೂ ಮರೆತಿಲ್ಲ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳುಗಳು ಪೊರೆ ಕಳಚುವುದನ್ನೇ ಕೆಡಿಸುತ್ತದೆ. ಸಿಗಡಿಯೂ ಪೊರೆ ಕಳಚಿಯೇ ಬೆಳೆಯುವುದು, ಅಲ್ವಾ? ಜೊತೆಗೆ ಸೊಪ್ಪಿನ ರಸ ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ತಿನ್ನುತ್ತದೆ. ಗಿಡದ್ದು ಅಂದಮಾತ್ರಕ್ಕೆ ಸೌಮ್ಯ ಅಂತಲ್ಲ. ಮರಿ ಬಿಡುವ ಮೊದಲು ಬೇಡದ ಮೀನು ಕೊಲ್ಲಲು ಹಾಕುವ ಹಿಪ್ಪೆ ಹಿಂಡಿಯೂ ಗಿಡದ್ದೇ.

ಬೆಳ್ಳುಳ್ಳಿ ಕೊಡಿ, ಆದರೆ ಮೇವಿನಲ್ಲಿ. ಒಂದು ಕಿಲೋ ಮೇವಿಗೆ ನಾನು ಸುಲಿದ ಬೆಳ್ಳುಳ್ಳಿ 10 ಗ್ರಾಂ ಹಾಕುತ್ತೇನೆ. ಜಜ್ಜಿ ಹತ್ತು ನಿಮಿಷ ಬಿಡಿ. ಅದರ ಘಾಟಿನ ಸತ್ವ ಅಲಿಸಿನ್ ಹುಟ್ಟುವುದೇ ಜಜ್ಜಿದ ಮೇಲೆ, ಹಾಗಾಗಿ ಮೊದಲೇ ಬೇಯಿಸಬಾರದು. ಸ್ವಲ್ಪ ನೀರಲ್ಲಿ ಕಲಸಿ ಮೇವಿಗೆ ಚಿಮುಕಿಸಿ. ಮೇಲೆ ಒಂದಿಷ್ಟು ಮೀನೆಣ್ಣೆ ಸವರಿದರೆ ರಸ ಬೇಗ ನೀರಿಗೆ ಬಿಡುವುದಿಲ್ಲ. ನೆರಳಲ್ಲಿ ಒಣಗಿಸಿ ಅದೇ ದಿನ ಹಾಕಿ. ಮೇವು ತಿಂದವೋ ಇಲ್ಲವೋ ತಿಳಿಯಲು ಹೊಂಡದೊಳಗೆ ಇಳಿಬಿಡುವ ತಟ್ಟೆ, ಅಂದರೆ ಚೆಕ್ ಟ್ರೇ, ಎತ್ತಿ ನೋಡುತ್ತಿರಿ, ಮೇವು ಉಳಿದಿದ್ದರೆ ಬೆಳ್ಳುಳ್ಳಿ ಕಡಿಮೆ ಮಾಡಿ.

ಬಿಳಿ ಚುಕ್ಕೆಯ ಮಾತು ಬೇರೆ. ಅದು ವೈರಸ್, ಮದ್ದಿಲ್ಲ. ಸಿಗಡಿಗೆ ಮೀನಿನ ಹಾಗೆ ಪ್ರತಿಕಾಯ ಕಟ್ಟುವ ಶಕ್ತಿಯಿಲ್ಲ. ಹುಟ್ಟಿನಿಂದ ಬಂದ ರಕ್ಷಣೆಯಷ್ಟೇ. ಗಿಡಮೂಲಿಕೆ ಅದನ್ನು ಸ್ವಲ್ಪ ಚುರುಕು ಮಾಡೀತು. ಗರಿಕೆಯ ಸತ್ವ ಬೆರೆಸಿದ ಮೇವು ತಿಂದ ಸಿಗಡಿಗಳು ಈ ವೈರಸ್ಸಿಗೆ ಸಿಕ್ಕರೂ ಜಾಸ್ತಿ ಬದುಕಿದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಆದರೆ ಅದು ತೊಟ್ಟಿಯ ಪ್ರಯೋಗ, ಹೊಂಡದ ಭರವಸೆಯಲ್ಲ. ರೋಗ ಬಂದ ಸಿಗಡಿ ಮೇವೇ ಮುಟ್ಟುವುದಿಲ್ಲ, ಆಗ ಮದ್ದು ಹೊಟ್ಟೆಗೆ ಹೋಗುವುದು ಹೇಗೆ? ಅದಕ್ಕೇ ಏನು ಕೊಡುವುದಿದ್ದರೂ ಈಗಲೇ, ಚೆನ್ನಾಗಿ ತಿನ್ನುವಾಗಲೇ ಕೊಡಿ. ಏಡಿಗಳು ವೈರಸ್ ಹೊತ್ತು ತರುತ್ತವೆ, ದಡದ ಸುತ್ತ ತಡೆಬಲೆ ಕಟ್ಟಿ. ಮುಂದಿನ ಸಲ ಪಿಸಿಆರ್ ಪರೀಕ್ಷೆಯಲ್ಲಿ (ವೈರಸ್ ಪತ್ತೆ ಹಚ್ಚುವ ಲ್ಯಾಬ್ ಪರೀಕ್ಷೆ) ವೈರಸ್ ಇಲ್ಲವೆಂದು ಕಂಡ ಮರಿಯನ್ನೇ ತನ್ನಿ.

ಒಂದು ವೇಳೆ ಚುಕ್ಕೆ ಕಂಡರೆ, ಆ ನೀರನ್ನು ಮಾತ್ರ ಕಾಲುವೆಗೆ ಬಿಡಬೇಡಿ. ಪಕ್ಕದವರ ಹೊಂಡವೂ ಅದೇ ಕಾಲುವೆಯ ನೀರು ಕುಡಿಯುತ್ತಿರುತ್ತದೆ.