ಅಮೆರಿಕದಲ್ಲಿ ನಮ್ಮ ಮೊದಲ ಹ್ಯಾಲೋವೀನ್: ಮಕ್ಕಳ ವೇಷ ಮತ್ತು ಮನೆಯ ಅಲಂಕಾರವನ್ನು ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ?

ಈ ಬೇಸಿಗೆಯಲ್ಲಷ್ಟೇ ಶಿಕಾಗೊ ಕಡೆಗೆ ಬಂದಿದ್ದೇವೆ, ಏಳು ಮತ್ತು ನಾಲ್ಕು ವರ್ಷದ ಮಕ್ಕಳಿಬ್ಬರಿಗೆ ಅಂಗಡಿಯ ವೇಷ ಕೊಂಡರೆ ಎಂಬತ್ತು ಡಾಲರ್ ದಾಟುತ್ತದೆ, ಮನೆಯಲ್ಲಿ ಹೊಲಿಗೆ ಯಂತ್ರವೂ ಇಲ್ಲ ಎಂದು ಬರೆದಿದ್ದೀರಿ. ನಾನು ಮಿನಸೋಟದಲ್ಲಿ ಮಕ್ಕಳನ್ನು ಬೆಳೆಸಿದವಳು. ಯಂತ್ರ ಖಂಡಿತ ಬೇಕಿಲ್ಲ, ಸೂಜಿದಾರ ಮತ್ತು ಒಂದು ಡಬ್ಬಿ ಪಿನ್ನು ಸಾಕು. ಊರಿನಲ್ಲಿ ಶಾಲೆಯ ಛದ್ಮವೇಷ ಸ್ಪರ್ಧೆಗೆ ಮಕ್ಕಳನ್ನು ಸಿದ್ಧಪಡಿಸಿದವರಿಗೆ ಈ ಕೆಲಸ ಬಹುಮಟ್ಟಿಗೆ ಗೊತ್ತಿರುವುದೇ. ಆದರೆ ಅಲ್ಲಿ ಮಗು ದೀಪದ ಬೆಳಕಿನ ವೇದಿಕೆಯ ಮೇಲೆ ಎರಡು ನಿಮಿಷ ನಿಂತು ಇಳಿಯುತ್ತದೆ. ಇಲ್ಲಿ ಅಕ್ಟೋಬರ್ 31ರ ಮುಸ್ಸಂಜೆಯ ಚಳಿಯಲ್ಲಿ ಮಿಠಾಯಿ ಕೇಳುತ್ತ ಮನೆಯಿಂದ ಮನೆಗೆ ಒಂದೆರಡು ಗಂಟೆ ನಡೆಯುತ್ತದೆ. ಆ ಮಬ್ಬಿನಲ್ಲಿ ಬಾಗಿಲು ತೆರೆದವರಿಗೆ ಕಾಣುವುದು ವೇಷದ ಆಕಾರವೇ ಹೊರತು ಜರಿ, ಗುಂಡಿ, ಕಸೂತಿಯಲ್ಲ. ಆದ್ದರಿಂದ ನಿಮ್ಮ ಶ್ರಮವನ್ನೆಲ್ಲ ದೂರದಿಂದ ಗುರುತಾಗುವ ಒಂದೇ ಅಂಗಕ್ಕೆ, ಅಂದರೆ ರೆಕ್ಕೆಗೋ ಕಿವಿಗೋ ಕಾಲುಗಳಿಗೋ, ಮೀಸಲಿಟ್ಟು ಉಳಿದದ್ದನ್ನು ಸಾದಾ ಬಟ್ಟೆಗೆ ಬಿಟ್ಟುಬಿಡಿ.

ಮೊದಲು ಚಳಿಯ ವಿಚಾರ. 1991ರ ಹ್ಯಾಲೋವೀನ್ ದಿನ ಆರಂಭವಾದ ಹಿಮಪಾತ ನವೆಂಬರ್ 3ರವರೆಗೆ ನಮ್ಮ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳ ಮೇಲೆ 28 ಇಂಚಿಗೂ ಹೆಚ್ಚು ಹಿಮ ಸುರಿಸಿತ್ತು, ಇಲ್ಲಿನ ಹಳಬರು ಈಗಲೂ ಅಕ್ಟೋಬರ್ ಬಂದರೆ ಆ ಕಥೆಯನ್ನು ತಪ್ಪದೆ ಹೇಳುತ್ತಾರೆ. ನಿಮಗೆ ಅಂಥದ್ದು ಎದುರಾಗದಿದ್ದರೂ ಜಾಕೆಟ್ ಬೇಕಾಗುವುದು ಬಹುತೇಕ ಖಚಿತ. ಅಂಗಡಿಯ ತೆಳು ಪಾಲಿಯೆಸ್ಟರ್ ವೇಷದ ಮೇಲೆ ಜಾಕೆಟ್ ಹಾಕಿಸಿದರೆ ರಾಜಕುಮಾರಿಯೂ ಕಾಣುವುದಿಲ್ಲ, ಸೂಪರ್‌ಮ್ಯಾನನೂ ಕಾಣುವುದಿಲ್ಲ. ಗುಡ್‌ವಿಲ್‌ನಂಥ ಹಳೆಬಟ್ಟೆಯ ಅಂಗಡಿಯಲ್ಲಿ ಮಕ್ಕಳ ಅಳತೆಗಿಂತ ಎರಡು ಅಳತೆ ದೊಡ್ಡದಾದ, ತಲೆಗೆ ಮುಸುಕಿರುವ ಕಪ್ಪು ಅಥವಾ ಬೂದು ಸ್ವೆಟ್‌ಶರ್ಟ್ ಕೆಲವೇ ಡಾಲರಿಗೆ ಸಿಗುತ್ತದೆ. ಅದನ್ನು ಜಾಕೆಟ್ಟಿನ ಮೇಲೆ ತೊಡಿಸಿ, ವೇಷವನ್ನು ಅದರ ಮೇಲೆಯೇ ಕಟ್ಟುವುದು ಉತ್ತಮ.

ನಿಮ್ಮ ಏಳು ವರ್ಷದ ಮಗಳಿಗೆ ನಾನು ಜೇಡವನ್ನು ಸೂಚಿಸುತ್ತೇನೆ, ಏಕೆಂದರೆ ಅದರಲ್ಲಿ ಚಲನೆ ಇದೆ. ಅವಳ ಎರಡು ಕೈ, ಎರಡು ಕಾಲು ಸೇರಿ ನಾಲ್ಕಾದವು. ಇನ್ನು ನಾಲ್ಕು ಕಾಲುಗಳಿಗೆ ಉದ್ದನೆಯ ಕಪ್ಪು ಕಾಲುಚೀಲಗಳೊಳಗೆ ಹಳೆಯ ಪತ್ರಿಕೆ ಅಥವಾ ದಿನಸಿ ತಂದ ಪ್ಲಾಸ್ಟಿಕ್ ಚೀಲಗಳನ್ನು ತುರುಕಿ, ಬಾಯನ್ನು ಹೊಲಿದು, ಸ್ವೆಟ್‌ಶರ್ಟಿನ ಒಂದೊಂದು ಪಕ್ಕೆಗೆ ಎರಡೆರಡರಂತೆ, ಕಂಕುಳಿಗೂ ಸೊಂಟಕ್ಕೂ ನಡುವೆ ಸಮ ಅಂತರದಲ್ಲಿ ಗಟ್ಟಿಯಾಗಿ ಹೊಲಿಯಿರಿ. ಬಳಿಕ ತೋಳಿನ ಮಣಿಕಟ್ಟಿನಿಂದ ಮೇಲಿನ ಕಾಲಿನ ತುದಿಗೆ, ಅಲ್ಲಿಂದ ಕೆಳಗಿನ ಕಾಲಿನ ತುದಿಗೆ ಕಪ್ಪು ದಾರವನ್ನು ಕಟ್ಟಿದರೆ ಅವಳು ಕೈ ಎತ್ತಿದಾಗಲೆಲ್ಲ ಎಲ್ಲ ಕಾಲುಗಳೂ ಒಟ್ಟಿಗೆ ಏಳುತ್ತವೆ. ದಾರ ಗಿಡ್ಡವಾಗಿರಲಿ, ಜೋತುಬಿದ್ದರೆ ಪಕ್ಕದ ಮಗುವಿನ ಕೈಗೆ ಸಿಕ್ಕಿಕೊಳ್ಳುತ್ತದೆ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣುಗಳಿರುವುದರಿಂದ ಮುಸುಕಿನ ಮೇಲೆ ಬಿಳಿ ಬಟ್ಟೆಯ ಎಂಟು ವೃತ್ತಗಳನ್ನು ಅಂಟಿಸಿ. ಈ ಕೆಲಸವನ್ನು ಅವಳೇ ಮಾಡಬಲ್ಲಳು, ಮಾಡಲೂಬೇಕು.

ಬಾವಲಿ ಇನ್ನೂ ಸುಲಭ. ಮುರಿದ ಕಪ್ಪು ಕೊಡೆಯ ಬಟ್ಟೆಯನ್ನು ಕಡ್ಡಿಗಳಿಂದ ಬಿಡಿಸಿ, ನಡುವಿನಿಂದ ನಾಲ್ಕು ಸಮಭಾಗ ಮಾಡಿ. ಒಂದು ಭಾಗದ ಚೂಪು ತುದಿ ಕಂಕುಳಿಗೆ, ಒಂದು ನೇರ ಅಂಚು ತೋಳಿನ ಉದ್ದಕ್ಕೆ, ಇನ್ನೊಂದು ನೇರ ಅಂಚು ಪಕ್ಕೆಗೆ ಬರುವಂತೆ ಹೊಲಿದರೆ ಕೊಡೆಯ ಕಮಾನು ಕಮಾನಾದ ಹೊರ ಅಂಚೇ ಬಾವಲಿಯ ರೆಕ್ಕೆಯಾಗುತ್ತದೆ. ಒಬ್ಬ ಮಗುವಿಗೆ ಎರಡು ಭಾಗ ಸಾಕಾದ್ದರಿಂದ ಒಂದೇ ಕೊಡೆಯಲ್ಲಿ ಇಬ್ಬರಿಗೂ ಆಗುತ್ತದೆ. ಆದರೆ ನಾಲ್ಕು ವರ್ಷದವನು ತನಗೆ ಬೆಕ್ಕೋ ಗೂಬೆಯೋ ಬೇಕೆಂದರೆ ಮುಸುಕಿಗೆ ಎರಡು ಕಿವಿ, ಹಿಂದಕ್ಕೊಂದು ಬಾಲ ಹೊಲಿದು ಕೈತೊಳೆದುಕೊಳ್ಳಿ. ಆ ವಯಸ್ಸಿನವರು ತಲೆಯ ಮೇಲಿನ ಬಿಡಿ ಟೋಪಿಯನ್ನಾಗಲಿ ಮುಖವಾಡವನ್ನಾಗಲಿ ಎರಡನೇ ಮನೆಯವರೆಗೂ ಇಟ್ಟುಕೊಳ್ಳುವುದಿಲ್ಲ.

ಈಜಿಪ್ಟಿನ ಮಮ್ಮಿಯ ವೇಷಕ್ಕೆ ಟಾಯ್ಲೆಟ್ ಪೇಪರ್ ಸುತ್ತಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದನ್ನು ನಂಬಬೇಡಿ: ನಾಲ್ಕು ಹೆಜ್ಜೆಗೆ ಸಡಿಲವಾಗಿ, ಇಬ್ಬನಿಗೆ ಕರಗಿಹೋಗುತ್ತದೆ. ಹಳೆಯ ಬಿಳಿ ಪಂಚೆಯನ್ನೋ ಹಾಸುಹೊದಿಕೆಯನ್ನೋ ಎರಡು ಇಂಚಿನ ಪಟ್ಟಿಗಳಾಗಿ ಹರಿದು, ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ, ದೊಗಲೆ ಬಿಳಿ ಅಂಗಿಯ ಮೇಲೆ ಅಲ್ಲಲ್ಲಿ ಹೊಲಿಗೆ ಹಾಕಿ ತುದಿಗಳನ್ನು ಜೋತುಬಿಡಿ. ರಟ್ಟಿನ ಪೆಟ್ಟಿಗೆಯ ರೋಬೋಟ್ ಶಾಲೆಯ ಮೆರವಣಿಗೆಗೆ ಚೆನ್ನ, ಆದರೆ ಅದನ್ನು ತೊಟ್ಟ ಮಗು ಕಾರಿನಲ್ಲಿ ಕೂರಲಾರದು, ಮೆಟ್ಟಿಲಲ್ಲಿ ತನ್ನ ಕಾಲನ್ನೂ ಕಾಣಲಾರದು.

ಶಾಲೆಯಿಂದ ಬರುವ ಪತ್ರವನ್ನು ಓದಿದ ಮೇಲೆಯೇ ಕತ್ತರಿ ಹಿಡಿಯಿರಿ. ಆಟಿಕೆಯ ಆಯುಧ, ರಕ್ತದ ಬಣ್ಣ, ಮುಖ ಮುಚ್ಚುವ ಮುಖವಾಡ ಇವುಗಳಿಗೆ ಅನೇಕ ಶಾಲೆಗಳಲ್ಲಿ ಅವಕಾಶವಿಲ್ಲ. ಮುಖವಾಡ ದೃಷ್ಟಿಗೆ ಅಡ್ಡಬರುವುದರಿಂದ ಬಣ್ಣ ಹಚ್ಚುವುದೇ ಲೇಸೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತದೆ. ಆ ಬಣ್ಣವನ್ನು ಹಿಂದಿನ ದಿನ ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ತುರಿಕೆ ಬರುವುದೇ ಎಂದು ನೋಡಿ. ಕಪ್ಪು ವೇಷದ ಬೆನ್ನಿಗೆ ಮತ್ತು ಮಿಠಾಯಿಯ ಚೀಲಕ್ಕೆ, ಅದು ಹಳೆಯ ದಿಂಬಿನ ಚೀಲವೇ ಇರಲಿ, ಕಾರಿನ ದೀಪಕ್ಕೆ ಹೊಳೆಯುವ ಪಟ್ಟಿಯನ್ನು ತಪ್ಪದೆ ಅಂಟಿಸಿ.

ಮನೆಯ ಅಲಂಕಾರಕ್ಕೂ ಇದೇ ಮಾತು ಹೊಂದುತ್ತದೆ: ಬೆಳಕು ಮತ್ತು ನೆರಳು ಇದ್ದರೆ ಸಾಮಾನು ಬೇಡ. ಕಿಟಕಿಯ ಒಳಗಿನಿಂದ ಕಪ್ಪು ಕಾಗದದ ಬೆಕ್ಕು, ಬಾವಲಿಗಳನ್ನು ಅಂಟಿಸಿ ಹಿಂದೆ ದೀಪ ಹಚ್ಚಿದರೆ ಬೀದಿಗೆಲ್ಲ ಕಾಣುತ್ತದೆ. ಗ್ಯಾಲನ್ ಹಾಲಿನ ಖಾಲಿ ಕ್ಯಾನುಗಳ ಮೇಲೆ ಮಾರ್ಕರಿನಿಂದ ದೆವ್ವದ ಮುಖ ಬರೆದು, ಹಿಂದೆ ರಂಧ್ರ ಕೊರೆದು ದೀಪದ ಸರವನ್ನು ತೂರಿಸಿ ಮೆಟ್ಟಿಲ ಪಕ್ಕದಲ್ಲಿ ಸಾಲಾಗಿಡಿ. ಸರವನ್ನು ಕಿತ್ತಳೆ ಬಣ್ಣದ್ದಲ್ಲದೆ ಹಳದಿ ಛಾಯೆಯ ಬಿಳಿಯದನ್ನೇ ಕೊಂಡರೆ ದೀಪಾವಳಿಗೂ ಆಗುತ್ತದೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಬಂದಿತ್ತು.

ಮಕ್ಕಳು ಅತ್ಯಂತ ಇಷ್ಟಪಡುವುದು ಗಂಜಿಯ ದೆವ್ವವನ್ನು. ಸೀಸೆಯೊಂದರ ಮೇಲೆ ಊದಿದ ಬಲೂನನ್ನು ಕೂರಿಸಿ, ತೆಳುವಾದ ಜಾಳು ಬಟ್ಟೆಯನ್ನು ಕಾರ್ನ್‌ಸ್ಟಾರ್ಚಿನ ಗಟ್ಟಿ ಗಂಜಿಯಲ್ಲಿ ಅದ್ದಿ ಹಿಂಡಿ ಅದರ ಮೇಲೆ ಹೊದಿಸಿಡಿ. ರಾತ್ರಿ ಕಳೆಯುವುದರೊಳಗೆ ಬಟ್ಟೆ ಸೆಟೆದುಕೊಳ್ಳುತ್ತದೆ, ಬಲೂನು ಒಡೆದು ತೆಗೆದರೆ ದೆವ್ವ ತಾನಾಗಿಯೇ ನಿಲ್ಲುತ್ತದೆ. ಇದು ಮನೆಯೊಳಗಿರಲಿ, ಮಳೆ ತಾಕಿದರೆ ಕುಸಿಯುತ್ತದೆ. ಹತ್ತಿಯಂತೆ ಎಳೆಯುವ ಕೃತಕ ಜೇಡರಬಲೆಯನ್ನು ಗಿಡಗಳಿಗೆ ಹೊದಿಸಬೇಡಿ, ಸಣ್ಣ ಹಕ್ಕಿಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ.

ಹಿರಿಯರು ಮನೆಯಲ್ಲಿದ್ದರೆ ದೆವ್ವದ ಹಬ್ಬ ನಮಗೇಕೆ ಎನ್ನಬಹುದು. ನಮ್ಮ ಹತ್ತಿರದ ಅನೋಕಾ ಎಂಬ ಊರಿನಲ್ಲಿ 1920ರಲ್ಲಿ ಹ್ಯಾಲೋವೀನ್ ಮೆರವಣಿಗೆ ಆರಂಭವಾದದ್ದೇ ಆ ರಾತ್ರಿ ಹುಡುಗರು ನಡೆಸುತ್ತಿದ್ದ ಪುಂಡಾಟವನ್ನು ತಡೆಯಲಿಕ್ಕೆ. ಇವತ್ತಿಗೂ ಬಹುಪಾಲು ಇದು ನೆರೆಹೊರೆಯವರ ಹಬ್ಬವೇ. ಕುಂಬಳಕಾಯಿಯಲ್ಲಿ ಮುಖ ಕೊರೆದು ಒಳಗೆ ದೀಪವಿಡುವ ಕೆಲಸವನ್ನು ಆ ಹಿರಿಯರಿಗೇ ವಹಿಸಿ. ಕೊರೆದ ಕಾಯಿ ಒಂದು ವಾರ ಉಳಿದರೆ ಹೆಚ್ಚು, ಹಾಗಾಗಿ ಎರಡು ಮೂರು ದಿನ ಮೊದಲಷ್ಟೇ ಕೊರೆದು, ಮೇಣದಬತ್ತಿಯ ಬದಲು ಬ್ಯಾಟರಿಯ ಪುಟ್ಟ ದೀಪವನ್ನಿಡಿ. ಚಿಕ್ಕವನು ಚಾಕು ಮುಟ್ಟದೆ ಇಡೀ ಕಾಯಿಯ ಮೇಲೆ ಬಣ್ಣ ಬಳಿಯಲಿ. ಬೀಜಗಳನ್ನು ತೊಳೆದು ಆರಿಸಿ, ಎಣ್ಣೆ, ಉಪ್ಪು, ಖಾರದಪುಡಿ ಸವರಿ ಓವನ್ನಿನಲ್ಲಿ ಹುರಿಯಿರಿ. ಹುಳಿಗೆ ಮಾತ್ರ ಪೈ ಕುಂಬಳವೆಂದು ಮಾರುವ ಚಿಕ್ಕ ಕಾಯಿಯನ್ನೇ ತನ್ನಿ, ಕೊರೆಯುವ ದೊಡ್ಡ ಕಾಯಿ ನೀರು ನೀರಾಗಿರುತ್ತದೆ.

ಬಾಗಿಲಿಗೆ ಬರುವವರಲ್ಲಿ ಕಡಲೆಕಾಯಿ, ಹಾಲು ಒಗ್ಗದ ಮಕ್ಕಳೂ ಇರುತ್ತಾರೆ. 2014ರಿಂದ ದೇಶದಾದ್ಯಂತ ಹರಡಿರುವ ಪದ್ಧತಿಯಂತೆ ನೀಲಿ ಬೆರೆತ ಹಸಿರು ಬಣ್ಣ ಬಳಿದ ಕುಂಬಳಕಾಯಿಯನ್ನು ಹೊರಗಿಟ್ಟರೆ ಈ ಮನೆಯಲ್ಲಿ ಪೆನ್ಸಿಲ್, ಸ್ಟಿಕ್ಕರಿನಂಥ ತಿನ್ನದ ಉಡುಗೊರೆಯೂ ಇದೆಯೆಂದು ಅವರ ಪೋಷಕರಿಗೆ ತಿಳಿಯುತ್ತದೆ. ನವೆಂಬರ್ 1ರಂದು ಅಂಗಡಿಗಳಲ್ಲಿ ಎಲ್ಲವೂ ಅರ್ಧ ಬೆಲೆಗೆ ಇಳಿದಾಗ ದೀಪಸರ, ಬಣ್ಣ, ಹೊಳೆಯುವ ಪಟ್ಟಿಗಳನ್ನು ಕೊಂಡಿಡಿ. ಮಕ್ಕಳ ವೇಷವನ್ನು ಮಾತ್ರ ಆ ಬೆಲೆಗೂ ಕೊಳ್ಳಬೇಡಿ, ಮುಂದಿನ ಅಕ್ಟೋಬರ್ ಹೊತ್ತಿಗೆ ಅವರ ಅಳತೆಯೂ ಬದಲಾಗಿರುತ್ತದೆ, ಆಸೆಯೂ ಬದಲಾಗಿರುತ್ತದೆ.